ನಾಯಿ ಕ್ರೀಡಾಕೂಟದಲ್ಲಿ ಫೋಟೊ ಮಾರುವವರಿಗೆ: ಶುಲ್ಕ ಬೇಡ, ಪಾಲು ಕೊಡಿ

ನಾಯಿಗಳ ಕ್ರೀಡಾಕೂಟದಲ್ಲಿ ಫೋಟೊ ತೆಗೆದು ಮಾರುವವರು ಆಯೋಜಕರಿಗೆ ನಿಗದಿತ ಶುಲ್ಕ ಕಟ್ಟುವ ಬದಲು ಮಾರಾಟದಲ್ಲಿ ಶೇಕಡಾವಾರು ಪಾಲು ಕೊಡುತ್ತೇವೆಂದು ಕೇಳಿ ನೋಡಿ. ಆ ಪಾಲು ಯಾವ ದಿನಾಂಕದವರೆಗಿನ ಮಾರಾಟಕ್ಕೆ ಎಂಬುದನ್ನೂ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಮಳೆ ಬಂದು ಅರ್ಧ ಸ್ಪರ್ಧಿಗಳು ಬಾರದಿದ್ದರೆ ನಿಗದಿತ ಶುಲ್ಕದ ನಷ್ಟವೆಲ್ಲ ನಿಮ್ಮ ತಲೆಗೇ. ಪಾಲಿನ ಲೆಕ್ಕದಲ್ಲಾದರೆ ಅದು ಇಬ್ಬರಿಗೂ ಹಂಚಿಹೋಗುತ್ತದೆ. ಮೇಲಾಗಿ, ನಿಮ್ಮ ಮಾರಾಟದಲ್ಲಿ ಲಾಭ ಕಾಣುವ ಆಯೋಜಕರು ಓಟದ ಕ್ರಮಪಟ್ಟಿಯನ್ನು ಮೊದಲೇ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಆ ಪಟ್ಟಿ ಕೈಗೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ: ಪ್ರತಿ ನಾಯಿ ಅಂಕಣಕ್ಕಿಳಿಯುವ ಮುನ್ನ ಪಟ್ಟಿಯಲ್ಲಿರುವ ಅದರ ಸಾಲಿನ ಫೋಟೊವನ್ನೇ ಒಮ್ಮೆ ಕ್ಲಿಕ್ಕಿಸಿಕೊಳ್ಳಿ, ಒಂದೇ ಬಣ್ಣದ ಹತ್ತು ಬಾರ್ಡರ್ ಕಾಲಿ ತಳಿಯ ನಾಯಿಗಳಲ್ಲಿ ಯಾವುದು ಯಾರದೆಂದು ರಾತ್ರಿ ಕುಳಿತು ತಲೆ ಕೆರೆದುಕೊಳ್ಳಬೇಕಿಲ್ಲ. ಒಬ್ಬರಿಗೇ ಏಕಸ್ವಾಮ್ಯ ಕೊಡುವ ದೊಡ್ಡ ಕೂಟಗಳಲ್ಲಿ ಈ ಉಪಾಯ ನಡೆಯುವುದು ಕಷ್ಟ. ಭರ್ಜರಿ ಮಾರಾಟ ಖಚಿತವಿರುವಲ್ಲಿಯೂ ಬೇಡ, ನಿಗದಿತ ಶುಲ್ಕವೇ ಅಗ್ಗವಾದೀತು. ಲೆಕ್ಕ ತೋರಿಸಲು ಬೇಸರಪಡುವವರಂತೂ ಇದರ ತಂಟೆಗೇ ಹೋಗದಿರುವುದು ಲೇಸು, ಅನುಮಾನ ಹುಟ್ಟಿತೆಂದರೆ ಮುಂದಿನ ಬಾರಿ ಕರೆಯುವುದಿಲ್ಲ. ಇನ್ನೊಂದು ಮಾತು: ಪಾಲು ಕೊಡುತ್ತೇವೆಂದು ಎಲ್ಲೆಂದರಲ್ಲಿ ಕುಳಿತುಕೊಳ್ಳುವಂತಿಲ್ಲ. ಓಟದ ಹಾದಿಯಲ್ಲಿ ನಾಯಿಗಳು ನುಸುಳಬೇಕಾದ ಸುರಂಗದ ಬಾಯಿಗೆ ಎದುರಾಗಿ ನೀವು ಕುಕ್ಕರಗಾಲಿನಲ್ಲಿ ಕುಳಿತಿದ್ದರೆ ಹೊರಬಂದ ನಾಯಿ ಮುಂದಿನ ಅಡೆತಡೆ ಬಿಟ್ಟು ನಿಮ್ಮತ್ತಲೇ ಓಡಿಬರಬಹುದು. ಆದ್ದರಿಂದ ಎಲ್ಲಿ ಕೂರಬಹುದು, ಫ್ಲ್ಯಾಷ್ ಬಳಸಬಹುದೇ ಎಂಬುದನ್ನು ಓಟ ಶುರುವಾಗುವ ಮೊದಲೇ ತೀರ್ಪುಗಾರರನ್ನು ಕೇಳಿಕೊಳ್ಳಿ.