‘ಸಾಲ ನಿರಾಕರಿಸಿದ್ದಾರೆ’ ಎಂದು ಬರೆದ ದಿನ

ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ಹೋಗುವ ಕಾಗದಪತ್ರಗಳನ್ನು ಅನುವಾದ ಮಾಡಿಕೊಡುವುದು ನನ್ನ ಕೆಲಸ. ಶುರುವಿನಲ್ಲಿ ಇಂಗ್ಲಿಷಿನ ‘ಡಿನೈ’ ಕಂಡಲ್ಲೆಲ್ಲ ‘ನಿರಾಕರಿಸು’ ಎಂದೇ ಬರೆಯುತ್ತಿದ್ದೆ.

ಆಗೊಂದು ಸಾಲದ ದಾವೆ ಬಂತು. ತಾನು ಸಾಲ ಪಡೆದೇ ಇಲ್ಲ ಎಂಬುದು ಪ್ರತಿವಾದಿಯ ಮಾತು. ನಾನು ‘ಪ್ರತಿವಾದಿ ಸಾಲವನ್ನು ನಿರಾಕರಿಸಿದ್ದಾರೆ’ ಎಂದು ಬರೆದೆ. ವಕೀಲರು ಓದಿ, ‘ಏನಮ್ಮಾ, ಕೊಡೋಕೆ ಹೋದ್ರೆ ಇವರು ಬೇಡ ಅಂದ್ರಾ?’ ಎಂದು ಕೇಳಿದರು. ಕಾಗದ ಕೋರ್ಟಿಗೆ ಹೋಗುವ ಮುಂಚೆ ಸಿಕ್ಕಿತು, ಪುಣ್ಯ.

ನಮ್ಮ ‘ನಿರಾಕರಿಸು’ ಎರಡು ಕೆಲಸ ಮಾಡುತ್ತದೆ. ಒಲ್ಲೆ ಅನ್ನುವುದಕ್ಕೂ ಅದೇ, ಹಾಗೆ ನಡೆದಿಲ್ಲ ಅನ್ನುವುದಕ್ಕೂ ಅದೇ. ಇಂಗ್ಲಿಷಿನಲ್ಲಿ ಒಲ್ಲೆ ಎಂದರೆ ರೆಫ್ಯೂಸ್, ನಡೆದಿಲ್ಲ ಎಂದರೆ ಡಿನೈ. ಬೇಲ್ ಡಿನೈ ಮಾಡಿದರು ಎನ್ನುವಂಥ ಕಡೆ ಮಾತ್ರ ಡಿನೈಗೂ ‘ನಿರಾಕರಿಸು’ ಸರಿಹೋಗುತ್ತದೆ. ಉಳಿದ ಕಡೆ ಈಗ ‘ಅಲ್ಲಗಳೆ’ ಎಂದೇ ಬರೆಯುತ್ತೇನೆ. ಅಲ್ಲ ಎಂದು ಹೇಳಿ ಕಳೆದುಬಿಡುವುದು. ಎಷ್ಟು ಚೆಂದದ ಪದ, ಅಲ್ವಾ?

ಇದು ಸುಮ್ನೆ ಪದದ ಹಟ ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ ಪ್ರಕಾರ, ದಾವೆಯಲ್ಲಿ ಹೇಳಿದ ಸಂಗತಿಯನ್ನು ಪ್ರತಿವಾದಿ ಸ್ಪಷ್ಟವಾಗಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ಇಷ್ಟು ಹಣ ಪಡೆದಿದ್ದೀರಿ ಎಂಬ ಮಾತಿಗೆ ‘ಅಷ್ಟು ಪಡೆದಿಲ್ಲ’ ಎಂದರೂ ಸಾಲದು. ಅದರಲ್ಲಿ ಯಾವ ಭಾಗವನ್ನೂ ಪಡೆದಿಲ್ಲ ಎನ್ನಬೇಕು, ಇಲ್ಲವೇ ಪಡೆದದ್ದು ಎಷ್ಟು ಎಂದು ಹೇಳಬೇಕು. ಅನುವಾದದಲ್ಲಿ ‘ಯಾವ ಭಾಗವನ್ನೂ’ ಬಿಟ್ಟುಹೋದರೆ ಒಬ್ಬರ ಮನೆ ಜಾಗವೇ ಹೋಗಬಹುದು.

ಸಹಿಯ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರಾಗಿರುತ್ತೇನೆ. ಇಂಗ್ಲಿಷಿನಲ್ಲಿ ಸಹಿಯನ್ನು ಡಿನೈ ಮಾಡಿದ್ದಾರೆ ಎಂದಿಷ್ಟೇ ಇರುತ್ತದೆ. ಕನ್ನಡದಲ್ಲಿ ‘ಇದು ನನ್ನ ಸಹಿ ಅಲ್ಲ’ ಬೇರೆ, ‘ಇದರಲ್ಲಿ ನನ್ನ ಸಹಿ ಇಲ್ಲ’ ಬೇರೆ. ವಕೀಲರಿಗೆ ಫೋನ್ ಮಾಡಿ ಕೇಳದೆ ಆ ಸಾಲು ಮುಟ್ಟುವುದಿಲ್ಲ.

ಡಿನೈಗೆ ಹತ್ತಿರದ ಇಂಗ್ಲಿಷ್ ಪದಗಳು ಇನ್ನೂ ಇವೆ. ರಿಫ್ಯೂಟ್, ರಿಬಟ್ ಎರಡಕ್ಕೂ ಬರೀ ಬಾಯಿಮಾತು ಸಾಲದು, ಆಧಾರ ಬೇಕು. ಚೆಕ್ ಬೌನ್ಸ್ ಕೇಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಸೆಕ್ಷನ್ ಪ್ರಕಾರ, ಚೆಕ್ಕನ್ನು ಬಾಕಿ ತೀರಿಸಲೆಂದೇ ಕೊಟ್ಟದ್ದು ಎಂದು ಕೋರ್ಟು ಮೊದಲಿಗೆ ಭಾವಿಸುತ್ತದೆ. ಆ ಭಾವನೆಯನ್ನು ಬರೀ ಅಲ್ಲಗಳೆದರೆ ಆಗದು, ಆಧಾರ ಕೊಟ್ಟು ಮುರಿಯಬೇಕು. ಅದು ರಿಬಟ್.

ಕಾಂಟ್ರಡಿಕ್ಟ್ ಎಂದರೆ ಒಂದು ಮಾತಿಗೆ ಇನ್ನೊಂದು ಮಾತು ಎದುರು ನಿಲ್ಲುವುದು. ಅದು ಒಬ್ಬನೇ ಸಾಕ್ಷಿಯ ಎರಡು ಮಾತೂ ಆಗಿರಬಹುದು.

ನನಗೆ ಈಗಲೂ ಕಷ್ಟ ಕೊಡುವುದು ಪಾಟೀಸವಾಲು, ಅಂದರೆ ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು. ‘ನೀವು ಹಣ ಕೊಟ್ಟಿಲ್ಲ, ಅಲ್ವಾ?’ ಎಂದು ವಕೀಲರು ಕೇಳುತ್ತಾರೆ. ನಮ್ಮವರು ‘ಹೌದು’ ಅನ್ನುತ್ತಾರೆ. ಹೌದು, ಕೊಟ್ಟಿಲ್ಲ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಅಲ್ಲಿ ‘ನೋ’ ಬರಬೇಕು. ‘ಎಸ್’ ಎಂದು ಹಾಕಿದರೆ ಕೊಟ್ಟಿದ್ದೇನೆ ಎಂದಾಗಿಬಿಡುತ್ತದೆ. ಅದಕ್ಕೇ ನಾನು ಆ ಒಂದು ಪದವನ್ನು ಒಂಟಿಯಾಗಿ ಬಿಡುವುದೇ ಇಲ್ಲ. ‘ನಾನು ಹಣ ಕೊಟ್ಟಿಲ್ಲ ಎಂಬುದು ಸರಿ’ ಎಂದು ಪೂರ್ತಿ ವಾಕ್ಯ ಮಾಡಿಕೊಂಡು, ಆಮೇಲೆ ಇಂಗ್ಲಿಷಿಗೆ ಕೈ ಹಾಕುತ್ತೇನೆ.