ಡಿಸೆಂಬರಿನ ಡಾಲರು, ಜೂನ್ ತಿಂಗಳ ಫೀಸು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಸೇರಿಕೊಂಡು ರಾಯಚೂರು, ಯಾದಗಿರಿ ಕಡೆಯ ಬಡ ಮಕ್ಕಳ ಓದಿಗೆ ದುಡ್ಡು ಕಳಿಸುವ ಒಂದು ಪುಟ್ಟ ಸಂಸ್ಥೆಯ ಲೆಕ್ಕಪತ್ರ ನಮ್ಮ ಪಾಲಿಗಿದೆ. ದುಡ್ಡು ಕೂಡಿಸುವುದು ಇದರಲ್ಲಿ ಸಲೀಸಾದ ಭಾಗ. ದುಡ್ಡು ಬರುವ ತಿಂಗಳು ಒಂದು, ಊರಲ್ಲಿ ಅದು ಬೇಕಾಗುವ ತಿಂಗಳು ಇನ್ನೊಂದು. ತಲೆನೋವು ಶುರುವಾಗುವುದೇ ಅಲ್ಲಿ.

ಅಮೆರಿಕದಲ್ಲಿ ದೇಣಿಗೆಯ ಸುಗ್ಗಿ ನವೆಂಬರ್ ಕೊನೆಗೆ ಶುರುವಾಗಿ ಡಿಸೆಂಬರ್ 31ಕ್ಕೆ, ತೆರಿಗೆ ವರ್ಷದ ಜೊತೆಗೇ ಮುಗಿಯುತ್ತದೆ. ನೌಕರ ಕೊಟ್ಟಷ್ಟೇ ಕಂಪನಿಯೂ ಸೇರಿಸುವ ಮ್ಯಾಚಿಂಗ್ ಹಣ ಬೆನೆವಿಟಿಯಂಥ ವೇದಿಕೆಗಳ ಮೂಲಕ ತಡವಾಗಿ ಬರುತ್ತದೆ. ಊರಲ್ಲಾದರೆ ಮೊದಲ ಖರ್ಚು ಜೂನ್‌ನಲ್ಲಿ: ಪಿಯುಸಿ, ಡಿಪ್ಲೊಮಾ ದಾಖಲಾತಿ, ಹಾಸ್ಟೆಲ್ ಮುಂಗಡ. ಎರಡನೆಯದು ದೀಪಾವಳಿ ಕಳೆದು ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟಾಗ. ಹಾಗಾಗಿ ಈ ಡಿಸೆಂಬರಿನ ಹಣವನ್ನು ಮುಟ್ಟದೆ ಇಟ್ಟು ಮುಂದಿನ ಜೂನ್‌ಗೆ ಬಳಸುತ್ತೇವೆ. ಕೈಗೆ ಬಾರದ ಮ್ಯಾಚಿಂಗ್ ಹಣವನ್ನು ಬಜೆಟ್ಟಿಗೆ ಸೇರಿಸುವುದಿಲ್ಲ. ಮೂರು ವರ್ಷದ ಡಿಪ್ಲೊಮಾಗೆ ಒಬ್ಬರನ್ನು ಆರಿಸುವ ಮೊದಲು ಮೂರೂ ವರ್ಷದ ದುಡ್ಡು ಖಾತೆಯಲ್ಲಿರಬೇಕು. ಎರಡನೇ ವರ್ಷದಲ್ಲಿ ಕೈಬಿಡುವುದಕ್ಕಿಂತ ಮೊದಲೇ ಇಲ್ಲವೆನ್ನುವುದು ಮೇಲು.

ಅಮೆರಿಕದ ನೋಂದಣಿ ಅಷ್ಟೇನೂ ಕಷ್ಟವಲ್ಲ. ವರ್ಷದ ಆದಾಯ 50,000 ಡಾಲರ್ ದಾಟದ ಸಂಸ್ಥೆಗೆ ತೆರಿಗೆ ವಿನಾಯಿತಿ ಕೋರುವ 1023-ಇಝಡ್ ಎಂಬ ಸರಳ ಅರ್ಜಿ ಸಾಕು, ಶುಲ್ಕ 275 ಡಾಲರ್. ವರ್ಷವರ್ಷ ತೆರಿಗೆ ಇಲಾಖೆಗೆ 990-ಎನ್ ಎಂಬ ಪುಟ್ಟ ವಿವರ ಸಲ್ಲಿಸಬೇಕು. ಐದು ನಿಮಿಷದ ಕೆಲಸವೆಂದೇ ಜನ ಮರೆಯುತ್ತಾರೆ, ಮೂರು ವರ್ಷ ಸತತ ಮರೆತರೆ ಮಾನ್ಯತೆ ತಾನಾಗಿ ರದ್ದು. ಇನ್ನೊಂದು ಎಚ್ಚರ: ದಾನಿ ‘ಇದು ಇಂಥ ಊರಿನ ಇಂಥ ಟ್ರಸ್ಟಿಗೇ’ ಎಂದು ಕಟ್ಟು ಹಾಕಿ ಕೊಟ್ಟರೆ ತೆರಿಗೆ ವಿನಾಯಿತಿಗೆ ಕುತ್ತು. ಎಲ್ಲಿಗೆ ಕೊಡಬೇಕೆಂಬ ತೀರ್ಮಾನ ಮಂಡಳಿಯದ್ದೇ ಆಗಿರಬೇಕು, ಅದು ನಡಾವಳಿಯಲ್ಲಿ ದಾಖಲಾಗಿರಬೇಕು.

ನಿಜವಾದ ಬಾಗಿಲು ಭಾರತದ ವಿದೇಶಿ ದೇಣಿಗೆ ಕಾಯ್ದೆ, ಎಫ್‌ಸಿಆರ್‌ಎ. ‘ನಮ್ಮೂರಲ್ಲೇ ಒಂದು ಟ್ರಸ್ಟ್ ಮಾಡೋಣ’ ಎಂಬ ಉತ್ಸಾಹ ಇಲ್ಲಿ ಮುಗ್ಗರಿಸುತ್ತದೆ. ವಿದೇಶಿ ಹಣ ಪಡೆಯಲು ಈ ಕಾಯ್ದೆಯಡಿ ನೋಂದಣಿ ಬೇಕು, ಅದಕ್ಕೆ ಆ ಟ್ರಸ್ಟಿಗೆ ಸಾಮಾನ್ಯವಾಗಿ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮೂಲ ಉದ್ದೇಶಕ್ಕೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. 2020ರ ತಿದ್ದುಪಡಿ ಬಂದ ಮೇಲೆ ವಿದೇಶಿ ಹಣ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆ ಹಣ ಪಡೆದು ಹಳ್ಳಿಯ ಸಣ್ಣ ಸಂಸ್ಥೆಗೆ ದಾಟಿಸುವ ಹಳೆಯ ದಾರಿ ಪೂರ್ತಿ ಮುಚ್ಚಿದೆ, ಇಬ್ಬರ ಬಳಿಯೂ ನೋಂದಣಿ ಇದ್ದರೂ ಅಷ್ಟೇ. ಆದ್ದರಿಂದ ಊರಲ್ಲಿ ತಾನೇ ಕೆಲಸ ಮಾಡುವ, ತನ್ನದೇ ನೋಂದಣಿ ಇರುವ ಸಂಸ್ಥೆಯನ್ನು ಹುಡುಕುವುದೊಂದೇ ಉಳಿದ ಉಪಾಯ. ನಾವು ಮೊದಲು ನೋಡುವುದು ಅವರ ಪ್ರಮಾಣಪತ್ರದ ಕೊನೆಯ ದಿನಾಂಕ. ಐದು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಅವಧಿ ಮೀರಿದರೆ ಖಾತೆಯಲ್ಲಿರುವ ಹಣವನ್ನೂ ಮುಟ್ಟುವಂತಿಲ್ಲ. ಆಮೇಲೆ ಎಫ್‌ಸಿ-4 ವಾರ್ಷಿಕ ವರದಿ, ಡಿಸೆಂಬರ್ 31ರೊಳಗೆ ಸಲ್ಲಿಸಿದ್ದಾರೆಯೇ ಎಂದು.

ಪಾಸ್‌ಪೋರ್ಟಿನ ಗೊಂದಲ ಪ್ರತಿ ಸಭೆಯಲ್ಲೂ ಏಳುತ್ತದೆ. ಗ್ರೀನ್ ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ನೇರವಾಗಿ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅದೇ ವ್ಯಕ್ತಿ ನಮ್ಮ ಅಮೆರಿಕದ ಸಂಸ್ಥೆಗೆ ಕೊಟ್ಟು, ನಾವು ಕಳಿಸಿದರೆ, ಅದೇ ದುಡ್ಡು ವಿದೇಶಿಯಾಗುತ್ತದೆ! ನೇರವಾಗಿ ಕೊಟ್ಟರೆ ಅಮೆರಿಕದ ತೆರಿಗೆ ವಿನಾಯಿತಿ ಇಲ್ಲ, ಮ್ಯಾಚಿಂಗೂ ಇಲ್ಲ. ಒಸಿಐ ಕಾರ್ಡಿನವರು, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು, ಯಾವ ದಾರಿಯಲ್ಲಿ ಕೊಟ್ಟರೂ ವಿದೇಶಿಯೇ.

ಹಣ ರವಾನೆ ವರ್ಷಕ್ಕೆ ಎರಡೇ ಸಲ, ಮೇ ಮತ್ತು ಅಕ್ಟೋಬರ್. ಸಣ್ಣ ಸಣ್ಣ ಕಂತು ಕಳಿಸಿದರೆ ನಡುವಿನ ಬ್ಯಾಂಕುಗಳು ಪ್ರತಿ ಸಲವೂ ಕಚ್ಚಿಕೊಳ್ಳುತ್ತವೆ. ಎಲ್ಲ ಶುಲ್ಕ ನಮ್ಮದೇ ಎಂದು ಗುರುತು ಹಾಕದಿದ್ದರೆ ಕಳಿಸಿದ ಮೊತ್ತಕ್ಕೂ ಜಮೆಯಾದ ಮೊತ್ತಕ್ಕೂ ತಾಳೆಯಾಗದೆ ಆಡಿಟರ್ ಪ್ರಶ್ನೆ ಬರುತ್ತದೆ. ದಾನಿಯ ಹೆಸರು, ವಿಳಾಸ, ಉದ್ದೇಶ ಬರೆದ ಪತ್ರ ಹಣಕ್ಕಿಂತ ಮೊದಲೇ ತಲುಪಿರಬೇಕು.

ಊರಲ್ಲಿ ಖರ್ಚು ಮಾಡುವಾಗ ಫೀಸು ನೇರವಾಗಿ ಕಾಲೇಜಿಗೇ ಹೋಗುತ್ತದೆ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರ ಬಸ್ ಪಾಸಿನ ಬಾಬ್ತು ತೆಗೆದು, ಅದನ್ನು ಪುಸ್ತಕಕ್ಕೆ ಹಾಕಿದೆವು. ಸರ್ಕಾರಿ ವಿದ್ಯಾರ್ಥಿವೇತನ ಸಿಗಬೇಕಾದವರಿಗೆ ಅದರ ಬದಲು ನಮ್ಮ ಹಣ ಕೊಡುವುದಿಲ್ಲ, ಅದು ಬರುವವರೆಗಿನ ತಿಂಗಳುಗಳನ್ನಷ್ಟೇ ತುಂಬುತ್ತೇವೆ. ವಿದ್ಯಾರ್ಥಿವೇತನ ಜಮೆಯಾಗದಿದ್ದರೆ ಹೆಚ್ಚಾಗಿ ಕಾರಣ ಎರಡರಲ್ಲೊಂದು: ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಇಲ್ಲವೇ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಹೆಸರಿಗೂ ಒಂದಕ್ಷರ ಬೇರೆ. ಇದನ್ನು ಸರಿಪಡಿಸಲು ಓಡಾಡುವ ಕಾರ್ಯಕರ್ತರ ಸಂಬಳಕ್ಕೆ ದಾನಿಗಳು ಒಲ್ಲದ ಮನಸ್ಸಿನಿಂದ ಕೊಡುತ್ತಾರೆ. ಅಜ್ಜನ ಹೆಸರು ಕೆತ್ತಿಸಿದ ಶಾಲಾ ಕೊಠಡಿಗಾದರೆ ಕೇಳುವ ಮೊದಲೇ ಚೆಕ್ಕು ಬರುತ್ತದೆ.

ಗುಳೆಯ ಹಂಗಾಮಿಗೆ ಬೇಕಾದದ್ದು ಕಟ್ಟಡವಲ್ಲ. ಊರಲ್ಲೇ ಉಳಿದ ಮಕ್ಕಳಿಗೆ ಎರಡು ಹೊತ್ತಿನ ಊಟ, ರಾತ್ರಿ ಮಲಗಲು ಶಾಲೆಯ ಒಂದು ಕೋಣೆ, ಜೊತೆಗೊಬ್ಬ ಹೆಂಗಸು. ಯಾರ ಮನೆಗೆ ಬೀಗ ಬೀಳಲಿದೆ ಎಂಬ ಪಟ್ಟಿ ಅಕ್ಟೋಬರ್‌ನಲ್ಲೇ ಸಿದ್ಧವಾಗಬೇಕು, ಏಕೆಂದರೆ ಮೇಸ್ತ್ರಿ ಮುಂಗಡ ಕೊಟ್ಟ ವಾರದಲ್ಲೇ ಟೆಂಪೊ ಬಂದು ನಿಂತಿರುತ್ತದೆ.