ಎಡಿನ್‌ಬರೊ ನಗರವನ್ನು ನಡೆದು ನೋಡುವುದು ಹೇಗೆ?

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೊಗೆ ಬಂದವರಲ್ಲಿ ಅನೇಕರು ಫೋನಿನ ನಕ್ಷೆ ಹಿಡಿದುಕೊಂಡೇ ದಾರಿ ತಪ್ಪುತ್ತಾರೆ. ಸೇರಬೇಕಾದ ಬೀದಿ ಅಲ್ಲೇ ಇರುತ್ತದೆ, ಆದರೆ ಅವರು ನಿಂತ ಜಾಗಕ್ಕಿಂತ ಹಲವು ಮಹಡಿಗಳಷ್ಟು ಕೆಳಗಿರುತ್ತದೆ.

ಮೊದಲ ಹಂತ ಸುಲಭ: ವಿಮಾನ ನಿಲ್ದಾಣದಿಂದ ಟ್ರ್ಯಾಮ್ ಹಿಡಿದು ಪ್ರಿನ್ಸಸ್ ಸ್ಟ್ರೀಟಿನಲ್ಲಿ ಇಳಿಯಿರಿ.

ಎರಡನೆಯದು ಊರಿನ ಮೇಲು-ಕೆಳಗನ್ನು ಅರಿಯುವುದು. ಇದಕ್ಕೆ ತಾಳ್ಮೆ ಬೇಕು. ಹಳೆಯ ಪಟ್ಟಣವು ಕೋಟೆಯಿಂದ ಹೋಲಿರೂಡ್ ಅರಮನೆಯವರೆಗೆ ಇಳಿಯುವ ಉದ್ದನೆಯ ದಿಣ್ಣೆಯ ಮೇಲಿದೆ. ದಿಣ್ಣೆಯ ನೆತ್ತಿಯ ಮೇಲೆ ರಾಯಲ್ ಮೈಲ್ ಬೀದಿ ಸಾಗಿದರೆ, ದಕ್ಷಿಣದ ತಗ್ಗಿನಲ್ಲಿ ಕೌಗೇಟ್ ಬೀದಿಯಿದೆ. ಈ ತಗ್ಗನ್ನು ದಾಟಲು 1788ರಲ್ಲಿ ತೆರೆದ ಸೌತ್ ಬ್ರಿಜ್‌ಗೆ 19 ಕಮಾನುಗಳಿದ್ದರೂ ಅಕ್ಕಪಕ್ಕದ ಕಟ್ಟಡಗಳು ಉಳಿದವನ್ನೆಲ್ಲ ಮರೆಮಾಡಿರುವುದರಿಂದ, ಕೌಗೇಟ್ ಮೇಲಿನ ಒಂದು ಕಮಾನು ಮಾತ್ರ ಕಾಣುತ್ತದೆ. ಸೇತುವೆಯ ಮೇಲೆ ನಡೆಯುವವರಿಗೆ ಅದು ಅಂಗಡಿಸಾಲಿನ ಮಾಮೂಲಿ ರಸ್ತೆಯಂತೆಯೇ ತೋರುತ್ತದೆ. ನಕ್ಷೆಯಲ್ಲಿ ಎರಡು ಬೀದಿಗಳು ಕೂಡುವಂತೆ ಕಂಡರೂ ಅಲ್ಲಿ ತಿರುವಿಲ್ಲ. ಸೌತ್ ಬ್ರಿಜ್ ಕಡೆಯಿಂದ ಕೆಳಗಿಳಿಯಲು ಬ್ಲೇರ್ ಸ್ಟ್ರೀಟ್ ಹಿಡಿಯಿರಿ. ಜಾರ್ಜ್ IV ಬ್ರಿಜ್ ಮೇಲಿದ್ದರೆ ವಿಕ್ಟೋರಿಯಾ ಸ್ಟ್ರೀಟಿನ ಬಾಗಿದ ಇಳಿಜಾರಿನಲ್ಲಿ ಗ್ರಾಸ್‌ಮಾರ್ಕೆಟ್‌ವರೆಗೆ ಇಳಿದು ಎಡಕ್ಕೆ ತಿರುಗಿ. ವೇವರ್ಲಿ ರೈಲು ನಿಲ್ದಾಣದ ಬಳಿಯಿಂದ ನಾರ್ತ್ ಬ್ರಿಜ್‌ಗೆ ಏರಲು ಸ್ಕಾಟ್ಸ್‌ಮನ್ ಸ್ಟೆಪ್ಸ್ ಇದೆ. ಅದರ 104 ಮೆಟ್ಟಿಲುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣದ ಅಮೃತಶಿಲೆ ಹಾಸಿದ್ದಾರೆ, ನಿಧಾನವಾಗಿ ನೋಡುತ್ತಾ ಹತ್ತಿ. ರಾಯಲ್ ಮೈಲ್‌ನಿಂದ ಇಳಿಯುವ ‘ಕ್ಲೋಸ್’ ಎಂಬ ಕಿರುಓಣಿಗಳು ಒಳ್ಳೆಯ ಅಡ್ಡದಾರಿಗಳೇ, ಆದರೆ ಮಳೆಯಲ್ಲಿ ಅವುಗಳ ಕಲ್ಲುಗಳು ಜಾರುತ್ತವೆ. ಮಂಡಿನೋವಿನವರು ಮೆಟ್ಟಿಲುಗಳನ್ನು ಬಿಟ್ಟು ಬಸ್ ಹತ್ತುವುದೇ ಸರಿ. ನಗರದ ಬಸ್ಸುಗಳಲ್ಲಿ ಚಿಲ್ಲರೆ ಕೊಡುವುದಿಲ್ಲವಾದ್ದರಿಂದ ಕಾರ್ಡ್ ಬಳಸಿ.

ಉಡುಗೊರೆ ಅಂಗಡಿಗಳ ಅಗ್ಗದ ಮಡಚುವ ಕೊಡೆಗೆ ಹಣ ಹಾಕಬೇಡಿ. ನಾರ್ತ್ ಬ್ರಿಜ್ ಮೇಲಿನ ಗಾಳಿಗೆ ಅದರ ಕಡ್ಡಿಗಳು ತಿರುಚಿಕೊಳ್ಳುತ್ತವೆ. ತಲೆಗವಸು ಇರುವ ಮಳೆಯಂಗಿಯನ್ನೇ ತನ್ನಿ.

ಮೂರನೆಯದಾಗಿ, ಕೋಟೆಯ ಟಿಕೆಟನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಕಾದಿರಿಸಿ, ಬೆಳಿಗ್ಗೆಯೇ ಅಲ್ಲಿಗೆ ಹೋಗಿ. ಭಾನುವಾರ, ಗುಡ್ ಫ್ರೈಡೆ ಮತ್ತು ಕ್ರಿಸ್‌ಮಸ್ ಬಿಟ್ಟು ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸುವ ಪದ್ಧತಿ 1861ರಿಂದ ಇದೆ; ಅದನ್ನು ನೋಡಿಯೇ ರಾಯಲ್ ಮೈಲ್ ಇಳಿಯಿರಿ. ಅರಮನೆಯಿಂದ ಕೋಟೆಯತ್ತ ಏರುವ ಕ್ರಮವನ್ನು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಏರುವ ಆಯಾಸದಲ್ಲಿ ಓಣಿಗಳ ಒಳಗೆ ಇಣುಕುವ ಉತ್ಸಾಹವೇ ಉಳಿಯುವುದಿಲ್ಲ.

ಚೇಂಬರ್ಸ್ ಸ್ಟ್ರೀಟಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ. ತದ್ರೂಪಿ ಕುರಿ ಡಾಲಿ ಇರುವುದು ಅಲ್ಲೇ.

ಕೊನೆಗೆ ಗುಡ್ಡ. 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಹತ್ತಲು ಹಿಡಿತವಿರುವ ಬೂಟು ಬೇಕೇ ಬೇಕು, ಏಕೆಂದರೆ ತುದಿಯ ಬಂಡೆಗಳು ಜನರ ಕಾಲ್ತುಳಿತಕ್ಕೆ ನುಣುಪಾಗಿವೆ. ಗಾಳಿ ಜೋರಾಗಿದ್ದರೆ ಅದನ್ನು ಕೈಬಿಟ್ಟು, ಪ್ರಿನ್ಸಸ್ ಸ್ಟ್ರೀಟಿನ ಪೂರ್ವದ ತುದಿಗೆ ಹತ್ತಿರದಲ್ಲೇ ಇರುವ ಕಾಲ್ಟನ್ ಹಿಲ್ ಹತ್ತಿ. ಕೋಟೆಯೂ ಬೀದಿಸಾಲುಗಳೂ ಅಲ್ಲಿಂದ ಒಂದೇ ನೋಟಕ್ಕೆ ಸಿಗುತ್ತವೆ.